ಪೂಜೆ, ಆರಾಧನೆ, ಅಂಜಲಿ: ಕನ್ನಡ ಕ್ರೈಸ್ತ ಪರಿಭಾಷೆಯಲ್ಲಿ ನಿಷ್ಕಪಟ ಆರಾಧನೆಯ ಅರ್ಥ

ಕ್ರೈಸ್ತಧರ್ಮವನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆದಿರುವ ಅಧ್ಯಯನವು ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳ ಸುತ್ತ ನಿಂತಿದೆ. ಕಿಟೆಲ್ ನಮಗೆ 1894ರ ನಿಘಂಟುಕಾರ. ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ದ ಸಂಪಾದಕ. ಭಾನುವಾರದ ಬೆಳಿಗ್ಗೆ ಇವರು ಏನು ಮಾಡುತ್ತಿದ್ದರು, ಯಾವ ಮಾತುಗಳಲ್ಲಿ ಪ್ರಾರ್ಥಿಸುತ್ತಿದ್ದರು ಎಂಬುದನ್ನು ನಾವು ಅಷ್ಟಾಗಿ ಕೇಳಿಲ್ಲ. ಆದರೆ ಅವರ ಭಾಷಾಕಾರ್ಯದ ಹಿಂದಿದ್ದ ಮುಖ್ಯ ಒತ್ತಡ ಅದೇ ಆಗಿತ್ತು. ದೇವರ ಮುಂದೆ ನಿಂತವನು ಸುಳ್ಳಿಲ್ಲದೆ ಆಡಬಹುದಾದ ಕನ್ನಡ ಯಾವುದು ಎಂಬುದು ಅನುವಾದದ ಪ್ರಶ್ನೆಯೂ ಹೌದು, ನಂಬಿಕೆಯ ಪ್ರಶ್ನೆಯೂ ಹೌದು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಮೂರು ಪದಗಳ ಮೂಲಕ, ಮುಖ್ಯವಾಗಿ ಮೈಸೂರಿನ ಆಕರಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಲಾಗಿದೆ.

ನಿಷ್ಕಪಟ ಆರಾಧನೆಯ ಚರ್ಚೆಗೆ ಬೈಬಲಿನಲ್ಲಿ ಮುಖ್ಯ ಆಧಾರವೆಂದರೆ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ. ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಹೆಂಗಸು ಕೇಳುವುದು ಸ್ಥಳದ ಪ್ರಶ್ನೆ: ಆರಾಧಿಸಬೇಕಾದದ್ದು ತನ್ನ ಹಿರಿಯರ ಬೆಟ್ಟದಲ್ಲಿಯೋ, ಯೆರೂಸಲೇಮಿನಲ್ಲಿಯೋ? ಉತ್ತರ ಬರುವುದು ಸ್ಥಳವನ್ನು ಬಿಟ್ಟು, ಆತ್ಮ ಮತ್ತು ಸತ್ಯ ಎಂಬ ಎರಡು ಮಾತುಗಳಲ್ಲಿ. ಗ್ರೀಕ್ ಮೂಲದಲ್ಲಿ ಇಲ್ಲಿ ಬಳಕೆಯಾಗಿರುವ ಕ್ರಿಯಾಪದ ‘ಪ್ರೊಸ್ಕುನೆಯೊ’. ನೆಲಕ್ಕೆ ಬಾಗಿ ಮಣಿಯುವುದು, ಅಡ್ಡಬೀಳುವುದು ಎಂಬುದು ಅದರ ಹಳೆಯ ಅರ್ಥ. ಹೊಸ ಒಡಂಬಡಿಕೆಯಲ್ಲಿ ಬರುವ ಇನ್ನೊಂದು ಪದ ‘ಲತ್ರೇಯಾ’. ಅದರ ಅರ್ಥ ಸೇವೆ, ಊಳಿಗ. ಎಂದರೆ ಆರಾಧನೆಯನ್ನು ಸೂಚಿಸುವ ಎರಡು ಪ್ರಧಾನ ಪದಗಳಲ್ಲಿ ಒಂದು ದೇಹದ ಭಂಗಿಯನ್ನೂ ಇನ್ನೊಂದು ದುಡಿಮೆಯನ್ನೂ ಹೇಳುತ್ತವೆ. ನಿಷ್ಕಪಟತೆಯೆಂದರೆ ಕೇವಲ ಒಳಗಿನ ಭಾವ ಎಂಬ ತೀರ್ಮಾನಕ್ಕೆ ಅವಸರದಿಂದ ಬರುವವರು ಇದನ್ನು ಗಮನಿಸಬೇಕು.

ಇನ್ನು ‘ಆತ್ಮ’ ಎಂಬ ಪದ. ಗ್ರೀಕಿನ ‘ನ್ಯೂಮ’ ಗಾಳಿ, ಉಸಿರು ಎಂಬ ಅರ್ಥಗಳಿಂದ ಬೆಳೆದದ್ದು. ಕನ್ನಡ ಬೈಬಲ್ ಅನುವಾದದ ಪರಂಪರೆಯು ಅದಕ್ಕೆ ‘ಆತ್ಮ’ವನ್ನು ಒಪ್ಪಿಕೊಂಡಿತು. ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಈ ಅನುವಾದಕಾರ್ಯದಿಂದ 1831ರ ವೇಳೆಗೆ ಸಮಗ್ರ ಬೈಬಲ್ ಕನ್ನಡಕ್ಕೆ ಬಂದಿತು. ವೇದಾಂತದ ನೆನಪುಗಳನ್ನು ಹೊತ್ತ ಈ ಪದವು ಓದುಗನನ್ನು ತನ್ನೊಳಗೆ ತಿರುಗಿಸುತ್ತದೆ. ‘ನ್ಯೂಮ’ವಾದರೋ ಹೊರಗಿನಿಂದ ಬಂದು ಬೀಸುವಂಥದ್ದು. ಇದನ್ನು ಅನುವಾದದ ದೋಷವೆನ್ನುವುದು ಸರಿಯಲ್ಲ. ವಚನಕಾರರ ಅಂತರಂಗ–ಬಹಿರಂಗಗಳ ವಿಚಾರವನ್ನೂ ಡಾಂಭಿಕ ಭಕ್ತಿಯ ಬಗ್ಗೆ ಅವರು ಆಡಿದ ಕಟುನುಡಿಗಳನ್ನೂ ಕೇಳಿ ಬೆಳೆದ ಭಾಷೆಗೆ ಕ್ರಿಸ್ತನ ಮಾತು ಅಪರಿಚಿತವಾಗಿ ತೋರಿರಲಾರದು. ಫರಿಸಾಯರಿಗೆ ಅನ್ವಯಿಸಿದ ಮೂಲಪದಕ್ಕೆ ಗ್ರೀಕ್ ರಂಗಭೂಮಿಯಲ್ಲಿ ‘ವೇಷಧಾರಿ ನಟ’ ಎಂಬ ಅರ್ಥವಿತ್ತು. ಕನ್ನಡದ ‘ಕಪಟಿ’ ಆ ಧ್ವನಿಯನ್ನು ಸಾಕಷ್ಟು ಉಳಿಸಿಕೊಂಡಿದೆ.

‘ಪೂಜೆ’ ಎಂಬ ಪದಕ್ಕೆ ಮೈಸೂರು ಸೀಮೆಯಲ್ಲಿ ಹಳೆಯ ಸಾಕ್ಷ್ಯವೊಂದಿದೆ. ಶ್ರೀರಂಗಪಟ್ಟಣದ ಪತನದ ನಂತರ ಈ ಭಾಗದ ಕ್ರೈಸ್ತರ ನಡುವೆ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳ ಸಂಪುಟದಲ್ಲಿ, ಕಥೋಲಿಕರ ಬಲಿಯರ್ಪಣೆಯನ್ನು ಇಲ್ಲಿನ ಜನ ಪೂಜೆ ಎಂದೇ ಕರೆಯುತ್ತಾರೆಂದು ದಾಖಲಿಸಿದ್ದಾನೆ. ಮೆರವಣಿಗೆ, ಪ್ರತಿಮೆ, ತೀರ್ಥ, ಉಪವಾಸ, ಸತ್ತವರಿಗಾಗಿ ಪ್ರಾರ್ಥನೆ ಮೊದಲಾದವು ಹಿಂದೂ ಆಚರಣೆಗಳನ್ನು ಹೋಲುವುದರಿಂದ ಕಥೋಲಿಕ ರೂಪವೇ ಈ ಜನರಿಗೆ ಹೆಚ್ಚು ಒಗ್ಗಬೇಕಾಗಿತ್ತು. ಅದೇ ಒಗ್ಗದಿರುವಾಗ ಪ್ರಾಟೆಸ್ಟೆಂಟರ ನಿರಾಭರಣ ಆರಾಧನೆಗೆ ಏನು ಭರವಸೆ ಎಂಬುದು ಅವನ ವಾದದ ಸಾರ. ಅಚ್ಚರಿಯೆಂದರೆ, ಅದೇ ಪತ್ರಗಳಲ್ಲಿ ದೇಶೀ ಕ್ರೈಸ್ತರ ರಾತ್ರಿ ಮೆರವಣಿಗೆಗಳ ಗದ್ದಲವನ್ನು ಅವನು ಮುಜುಗರದಿಂದ ನೋಡುತ್ತಾನೆ. ಜನರ ಉತ್ಸಾಹ ನಿಜವೋ ಆಡಂಬರವೋ ಎಂದು ತೀರ್ಪು ಕೊಡುವ ಅಧಿಕಾರವನ್ನು ಪಾದ್ರಿ ತನ್ನ ಬಳಿಯೇ ಇಟ್ಟುಕೊಂಡಿದ್ದಾನೆ. ಈ ಅಧಿಕಾರದ ಪ್ರಶ್ನೆ ಮುಂದೆಯೂ ಬರುತ್ತದೆ.

ಕನ್ನಡ ಕಥೋಲಿಕರು ಈಗ ಬಳಸುವ ‘ಬಲಿಪೂಜೆ’, ‘ಪರಮಪ್ರಸಾದ’, ‘ಜಪಸರ’ ಎಂಬ ಪದಗಳು ದುಬಾಯ್ ಕೇಳಿದ ನುಡಿಯ ಮುಂದುವರಿಕೆಯಂತಿವೆ. ‘ಬಲಿ’ಯೆಂದರೆ ಮಾರಿಹಬ್ಬದ ಕೋಣವನ್ನು ನೆನೆಯುವ ಊರುಗಳಲ್ಲಿ ಈ ಪದವನ್ನು ಉಳಿಸಿಕೊಂಡದ್ದು ಧೈರ್ಯದ ಆಯ್ಕೆ. ಪ್ರಾಟೆಸ್ಟೆಂಟ್ ಸಭೆಗಳು ಪೂಜೆಯನ್ನು ಬಿಟ್ಟು ‘ಆರಾಧನೆ’ಯನ್ನು ಹಿಡಿದವು. ಮೈಸೂರಿನಲ್ಲಿ ಶಾಲೆ, ಮುದ್ರಣಾಲಯ ನಡೆಸಿದ ವೆಸ್ಲಿಯನ್ ಮಿಷನ್ನಿನವರಿಗೆ, 1738ರಲ್ಲಿ ತನ್ನ ಹೃದಯ ಬೆಚ್ಚಗಾಯಿತೆಂದು ಬರೆದುಕೊಂಡ ಜಾನ್ ವೆಸ್ಲಿಯೇ ಮೂಲಪುರುಷ; ಅಲ್ಲಿ ಉಪದೇಶ, ಹಾಡು, ಹೃದಯಪರಿವರ್ತನೆಗಳೇ ಪ್ರಧಾನ. ಆದರೆ ಹೃದಯವೂ ತನ್ನ ಲಯವನ್ನು ಕೇಳುತ್ತದೆ. ಬಾಸೆಲ್ ಮಿಷನ್ನಿನ ಕಿಟೆಲ್ ಕ್ರಿಸ್ತನ ಚರಿತ್ರೆಯನ್ನು ದೇಶೀ ಛಂದಸ್ಸುಗಳಲ್ಲಿ ‘ಕಥಾಮಾಲೆ’ಯಾಗಿ (1862) ಕಟ್ಟಿದ್ದು ಇದನ್ನು ಅರಿತೇ ಇರಬೇಕು. ಎರವಲು ರಾಗದಲ್ಲಿ ಹಾಡುವವನ ಭಕ್ತಿ ಸುಳ್ಳಲ್ಲ. ಆದರೂ ತನ್ನ ನುಡಿಯ ಗತಿಯಲ್ಲಿ ಹಾಡಿದಾಗ ಅವನು ಏನು ಹಾಡುತ್ತಿದ್ದಾನೆಂಬುದು ಅವನಿಗೇ ಹೆಚ್ಚು ತಿಳಿಯುತ್ತದೆ.

ಈ ತಿಳಿವಿನ ಅಗತ್ಯವನ್ನು ರೋಮಿನ ಸಭೆ ಅಧಿಕೃತವಾಗಿ ಒಪ್ಪಿಕೊಂಡದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ. 1963ರ ಡಿಸೆಂಬರಿನಲ್ಲಿ ಹೊರಬಂದ ದೈವಾರಾಧನಾ ವಿಧಿಯ ಸಂವಿಧಾನವು ಜನರ ಪೂರ್ಣ, ಪ್ರಜ್ಞಾಪೂರ್ವಕ, ಸಕ್ರಿಯ ಪಾಲುಗೊಳ್ಳುವಿಕೆಯನ್ನು ಗುರಿಯಾಗಿಟ್ಟು, ಲ್ಯಾಟಿನ್ನಿನ ಜೊತೆಗೆ ದೇಶಭಾಷೆಗಳಿಗೆ ದಾರಿ ತೆರೆಯಿತು. ಭಾರತದಲ್ಲಿ ಈ ಕಾರ್ಯದ ಮುಂದಾಳು ಡಿ. ಎಸ್. ಅಮಲೋರ್ಪವದಾಸ್ (1932–1990). ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದ ಸ್ಥಾಪಕ ನಿರ್ದೇಶಕರಾದ ಇವರು ಅನಂತರ ಮೈಸೂರಿಗೆ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ಕಟ್ಟಿದರು. ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಬೆಟ್ಟದ ಪ್ರಶ್ನೆ ಕೇಳಿದ ಸಮಾರ್ಯದ ಹೆಂಗಸನ್ನು ಇಲ್ಲಿ ನೆನೆಯದಿರುವುದು ಕಷ್ಟ.

1969ರ ಏಪ್ರಿಲ್‌ನಲ್ಲಿ ರೋಮ್ ಭಾರತಕ್ಕೆ ಅನುಮತಿಸಿದ ಹನ್ನೆರಡು ಅಂಶಗಳ ಪಟ್ಟಿ ಕನ್ನಡ ವಿದ್ಯಾರ್ಥಿಗೆ ಒಂದು ಸಾಂಸ್ಕೃತಿಕ ದಾಖಲೆಯಾಗಿಯೂ ಮುಖ್ಯ. ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತುಕೊಳ್ಳುವುದು, ಮಂಡಿಯೂರುವ ಬದಲು ಅಂಜಲಿಬದ್ಧರಾಗಿ ಬಾಗುವುದು, ಪಂಚಾಂಗ ಪ್ರಣಾಮ, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ, ಹೂ–ಧೂಪ–ದೀಪಗಳ ಆರತಿ, ಗುರುವಿಗೆ ಅಂಗವಸ್ತ್ರ ಇವು ಅದರಲ್ಲಿವೆ. ‘ಪ್ರೊಸ್ಕುನೆಯೊ’ ಎಂಬ ಕ್ರಿಯಾಪದ ತನ್ನ ದೇಹವನ್ನು ಮರಳಿ ಪಡೆದದ್ದು ಇಲ್ಲಿ ಎಂದು ಹೇಳಬಹುದು. ಸ್ವತಃ ‘ಅಂಜಲಿ’ ಎಂದರೆ ಬೊಗಸೆ. ಕೊಡುವುದಕ್ಕೂ ಪಡೆಯುವುದಕ್ಕೂ ಒಂದೇ ಆಕಾರ.

ಆದರೆ ಈ ಪ್ರಯೋಗಕ್ಕೆ ವಿರೋಧ ಎರಡು ದಿಕ್ಕುಗಳಿಂದ ಬಂದಿತು. ಇದು ವೇಷ ಬದಲಾವಣೆ, ಕ್ರೈಸ್ತಧರ್ಮದ ಹಿಂದೂಕರಣ ಎಂದು ಸಂಪ್ರದಾಯಸ್ಥ ಕಥೋಲಿಕರು ಆಕ್ಷೇಪಿಸಿದರು. ಇದಕ್ಕಿಂತ ತೂಕದ ಆಕ್ಷೇಪ ಬಂದದ್ದು 1980ರ ದಶಕದಿಂದ ರೂಪುಗೊಂಡ ದಲಿತ ದೈವಶಾಸ್ತ್ರದ ಕಡೆಯಿಂದ. ‘ಭಾರತೀಯ’ ಎಂದು ಆಯ್ದುಕೊಂಡ ಚಿಹ್ನೆಗಳು ಯಾರ ಮನೆಯವು? ಗರ್ಭಗುಡಿಯ ಹತ್ತಿರ ಬರಗೊಡದಿದ್ದವರ ಮಕ್ಕಳಿಗೆ ಆರತಿಯ ತಟ್ಟೆ ಯಾವ ನೆನಪನ್ನು ತರುತ್ತದೆ? ತಮಟೆಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲವೇಕೆ? ನನ್ನ ಅಭಿಪ್ರಾಯದಲ್ಲಿ ಇದು ಶೈಲಿಯ ತಕರಾರಲ್ಲ, ನಿಷ್ಕಪಟತೆಯ ವ್ಯಾಖ್ಯೆಯನ್ನೇ ಮುಟ್ಟುವ ತಕರಾರು. ಆಮೋಸ, ಯೆಶಾಯ, ಮೀಕ ಪ್ರವಾದಿಗಳು ಹಬ್ಬ, ಬಲಿ, ಗಾನಗಳನ್ನು ದೇವರು ತಿರಸ್ಕರಿಸುತ್ತಾನೆಂದು ಹೇಳುವಾಗ ವಿಧಿಯ ತಪ್ಪನ್ನು ಎತ್ತುವುದಿಲ್ಲ. ಬಡವರಿಗೆ ನ್ಯಾಯ ಸಿಗದ ಊರಿನಲ್ಲಿ ನಡೆಯುವ ಪೂಜೆ ಸುಳ್ಳು ಎನ್ನುತ್ತಾರೆ. ದಕ್ಷಿಣ ಭಾರತದ ಚರ್ಚುಗಳಲ್ಲಿ ಜಾತಿಯ ಪ್ರಕಾರ ಪ್ರತ್ಯೇಕ ಆಸನ, ಪ್ರತ್ಯೇಕ ಸ್ಮಶಾನಗಳಿದ್ದ ಚರಿತ್ರೆಯನ್ನು ಬಲ್ಲವರಿಗೆ ಈ ಮಾತು ದೂರದ ಯೆಹೂದ್ಯರ ಕಥೆಯಾಗಿ ಕೇಳಿಸದು.

ಜನಭಕ್ತಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಮೈಸೂರಿನ ಕೆಥೆಡ್ರಲ್ ಊರಿನ ಬಾಯಲ್ಲಿ ಸಂತ ಫಿಲೋಮಿನಾ ಚರ್ಚು. 1961ರಲ್ಲಿ ರೋಮ್ ಫಿಲೋಮಿನಾಳ ಹಬ್ಬವನ್ನು ಪಂಚಾಂಗದಿಂದ ಕೈಬಿಟ್ಟಿತು; ಆದರೂ ನೆಲಮಾಳಿಗೆಯ ಆಕೆಯ ಪ್ರತಿಮೆಯ ಮುಂದೆ ಎಲ್ಲ ಮತದವರೂ ಬಂದು ನಿಲ್ಲುವುದು ನಿಲ್ಲಲಿಲ್ಲ. ಚಾರಿತ್ರಿಕ ಸತ್ಯ ಮತ್ತು ಭಕ್ತಿಯ ಸತ್ಯ ಇಲ್ಲಿ ಬೇರೆಬೇರೆ ದಾರಿ ಹಿಡಿದಿವೆ. ದುಬಾಯ್‌ನಂತೆ ಹೊರಗೆ ನಿಂತು ತೀರ್ಪು ಕೊಡುವ ಆತುರ ಸಂಶೋಧಕನಿಗೆ ಬೇಡ.

ಮತ್ತಾಯನ ಐದನೆಯ ಅಧ್ಯಾಯದಲ್ಲಿ ಯೇಸು ಆರಾಧನೆಯನ್ನು ನಡುವೆಯೇ ನಿಲ್ಲಿಸುವಂತೆ ಹೇಳುವ ಪ್ರಸಂಗವೊಂದಿದೆ. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ಬಂದವನಿಗೆ ತನ್ನ ಸಹೋದರನ ಮನಸ್ತಾಪ ನೆನಪಾದರೆ, ಅವನು ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕು. ಬಲಿಪೂಜೆಯಲ್ಲಿ ಪ್ರಸಾದ ಸ್ವೀಕಾರಕ್ಕೆ ಮುನ್ನ ಪರಸ್ಪರ ಶಾಂತಿ ಕೋರುವ ವಿಧಿಯಲ್ಲಿ ಇದೇ ಆಶಯ ಕಾಣುತ್ತದೆ. 1969ರ ಪಟ್ಟಿ ಇದಕ್ಕೆ ಎರಡು ರೂಪಗಳನ್ನು ಕೊಟ್ಟಿದೆ: ಒಂದು, ಎದುರಿನವರಿಗೆ ಅಂಜಲಿ ಜೋಡಿಸುವುದು, ಇನ್ನೊಂದು, ಕೊಡುವವನು ತನ್ನ ಕೈಗಳನ್ನು ಪಡೆಯುವವನ ಕೈಗಳ ನಡುವೆ ಇಡುವುದು. ವಿಧಿಯ ದೃಷ್ಟಿಯಿಂದ ಎರಡೂ ಸಮಾನ. ಆದರೆ ಮುಟ್ಟುವುದು–ಮುಟ್ಟದಿರುವುದರ ಮೇಲೆ ನಿಂತ ಸಮಾಜದಲ್ಲಿ ಇವು ಸಮಾನವಲ್ಲ. ಮೊದಲನೆಯದರಲ್ಲಿ ಮುಟ್ಟದೆಯೇ ಗೌರವಿಸಬಹುದು, ಗೌರವಿಸುತ್ತಲೇ ದೂರವಿರಬಹುದು. ಎರಡನೆಯದರಲ್ಲಿ ಆ ಅವಕಾಶವಿಲ್ಲ. ನಮ್ಮ ಚರ್ಚುಗಳಲ್ಲಿ ಯಾವ ಪೀಠಸಾಲಿನವರು ಯಾರಿಗೆ ಕೈ ಮುಗಿಯುತ್ತಾರೆ, ಯಾರ ಕೈ ಹಿಡಿಯುತ್ತಾರೆ ಎಂಬುದನ್ನು ಕ್ಷೇತ್ರಕಾರ್ಯದಿಂದ ದಾಖಲಿಸಬೇಕಾಗಿದೆ.