ಪ್ರತಿರೂಪ ಅಮೈನೋ ಆಮ್ಲಗಳೂ ಬ್ಯಾಕ್ಟೀರಿಯಗಳೂ

ಸಾದೃಶ್ಯದ ಕಾರಣದಿಂದ ಒಂದು ವಸ್ತುವನ್ನು ಮತ್ತೊಂದೆಂದು ತಿಳಿಯುವುದನ್ನು ಆಲಂಕಾರಿಕರು ಭ್ರಾಂತಿಮದಲಂಕಾರವೆಂದು ಕರೆದಿದ್ದಾರೆ. ಕಾವ್ಯದಲ್ಲಿ ಈ ಭ್ರಾಂತಿ ಸಹೃದಯರಿಗೆ ಆಹ್ಲಾದಕರ. ಬ್ಯಾಕ್ಟೀರಿಯದ ಕೋಶದಲ್ಲಾದರೋ ಅದು ಪ್ರಾಣಾಂತಿಕವಾಗುವುದುಂಟು.

ಅಕ್ಷರಗಳು ಸೇರಿ ಪದವಾಗುವಂತೆ ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಕ್ರಮವಾಗಿ ಸೇರಿ ಪ್ರೋಟೀನುಗಳಾಗುತ್ತವೆ. ಈ ಕಾರ್ಯವನ್ನು ನಡೆಸುವ ಕಿಣ್ವಗಳು ತಮಗೆ ಬೇಕಾದ ಆಮ್ಲವನ್ನು ಮುಖ್ಯವಾಗಿ ಅದರ ಆಕಾರದಿಂದಲೂ ವಿದ್ಯುದಂಶದಿಂದಲೂ ಗುರುತಿಸುತ್ತವೆ. ಆಕಾರದಲ್ಲಿ ಹೋಲುವ, ಗುಣದಲ್ಲಿ ಭಿನ್ನವಾದ ವಸ್ತು ಎದುರಾದರೆ ಅವು ಮೋಸಹೋಗುತ್ತವೆ. ಅಂತಹ ವಸ್ತುವೇ ಪ್ರತಿರೂಪ.

1929ರಲ್ಲಿ ಜಪಾನಿನ ಕಿತಗಾವಾ ಮತ್ತು ತೊಮಿಯಾಮಾ ಎಂಬ ವಿಜ್ಞಾನಿಗಳು ಜಾಕ್ ಬೀನ್ ಎಂಬ ದ್ವಿದಳ ಸಸ್ಯದ ಬೀಜದಿಂದ ಕೆನವನೈನ್ ಎಂಬ ಆಮ್ಲವನ್ನು ಬೇರ್ಪಡಿಸಿದರು. ಅರ್ಜಿನೀನ್ ಎಂಬ ಸಹಜ ಆಮ್ಲಕ್ಕೂ ಇದಕ್ಕೂ ಒಂದೇ ಸ್ಥಾನದಲ್ಲಿ ವ್ಯತ್ಯಾಸ: ಅಲ್ಲಿ ಒಂದು ಇಂಗಾಲ ಪರಮಾಣುವೂ ಎರಡು ಜಲಜನಕ ಪರಮಾಣುಗಳೂ ಇರುವೆಡೆ ಇಲ್ಲಿ ಒಂದು ಆಮ್ಲಜನಕ ಪರಮಾಣು ನಿಂತಿದೆ. ಕರುಳುವಾಸಿಯಾದ ಈ. ಕೋಲೈ ಬ್ಯಾಕ್ಟೀರಿಯ ಇದನ್ನು ಅರ್ಜಿನೀನೆಂದೇ ಬಗೆದು ತನ್ನ ಪ್ರೋಟೀನಿನೊಳಗೆ ಸೇರಿಸಿಕೊಳ್ಳುತ್ತದೆ. ಆದರೆ ಕೆನವನೈನಿಗೆ ಅರ್ಜಿನೀನಿನಷ್ಟು ಪ್ರತ್ಯಾಮ್ಲಗುಣವಿಲ್ಲ. ಆದುದರಿಂದ ಹೀಗೆ ಹುಟ್ಟಿದ ಪ್ರೋಟೀನುಗಳು ಸರಿಯಾದ ರೂಪವನ್ನು ತಾಳಲಾರವು, ಬೆಳವಣಿಗೆ ಕುಂಠಿತವಾಗುತ್ತದೆ. ಪೋಷಕ ದ್ರವಕ್ಕೆ ಸಾಕಷ್ಟು ಅರ್ಜಿನೀನನ್ನು ಬೆರೆಸಿದರೆ ಈ ತಡೆ ಸಡಿಲಗೊಳ್ಳುತ್ತದೆ. ಎರಡೂ ಒಂದೇ ಪೀಠಕ್ಕಾಗಿ ಸ್ಪರ್ಧಿಸುತ್ತವೆಂಬುದಕ್ಕೆ ಇದೇ ಪ್ರಮಾಣ. ವಿಷವನ್ನು ಹೆತ್ತ ಗಿಡವು ಮಾತ್ರ ಮೋಸಹೋಗುವುದಿಲ್ಲ. ಅದರ ಕಿಣ್ವಕ್ಕೆ ಇವೆರಡನ್ನೂ ಬೇರ್ಪಡಿಸಿ ನೋಡುವ ಶಕ್ತಿಯುಂಟು.

ಪ್ರತಿರೂಪವೆಲ್ಲವೂ ಮಾರಕವೆನ್ನುವಂತಿಲ್ಲ. ಮಿಥಿಯೊನೀನಿನಲ್ಲಿ ಗಂಧಕಕ್ಕೆ ಬದಲು ಸೆಲೆನಿಯಂ ಇರುವ ಪ್ರತಿರೂಪವನ್ನು ಬಳಸಿಕೊಂಡು ಈ. ಕೋಲೈ ಬೆಳೆಯಬಲ್ಲುದೆಂದು ಕೋವಿ ಮತ್ತು ಕೋಹೆನ್ 1957ರಲ್ಲಿ ತೋರಿಸಿದರು.

ಮನುಷ್ಯನಿಗೆ ಹೆಚ್ಚು ಉಪಕಾರಿಯಾದುದು ಪ್ರೋಟೀನಿನೊಳಗೆ ಸೇರದೆ ಕಿಣ್ವವನ್ನೇ ಕಟ್ಟಿಹಾಕುವ ಪ್ರತಿರೂಪ. 1950ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್ ಜಾತಿಯ ಸೂಕ್ಷ್ಮಜೀವಿಗಳಿಂದ ದೊರೆತ ಸೈಕ್ಲೋಸೆರೀನ್ ಅಂತಹದು. ಎಡಗೈ ಬಲಗೈಗಳಂತೆ ಅಲನೀನಿಗೆ ಎರಡು ರೂಪಗಳಿವೆ. ಪ್ರೋಟೀನಿಗೆ ಎಡರೂಪ ಬೇಕು. ಬ್ಯಾಕ್ಟೀರಿಯದ ಕೋಶಭಿತ್ತಿಗೆ ಬಲರೂಪವೂ ಬೇಕು. ಒಂದು ಕಿಣ್ವ ಎಡವನ್ನು ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಎರಡು ಬಲರೂಪಗಳನ್ನು ಜೋಡಿಸುತ್ತದೆ. ಬಲರೂಪವನ್ನು ಹೋಲುವ ಸೈಕ್ಲೋಸೆರೀನ್ ಈ ಎರಡು ಕಿಣ್ವಗಳನ್ನೂ ತಡೆಯುತ್ತದೆ. ಭಿತ್ತಿ ದುರ್ಬಲವಾಗಿ ಕೋಶ ನಾಶವಾಗುತ್ತದೆ. ಮಾನವಕೋಶಕ್ಕೆ ಅಂತಹ ಭಿತ್ತಿಯೇ ಇಲ್ಲ. ಆದರೂ ಔಷಧ ಪೂರ್ಣ ನಿರುಪದ್ರವಿಯಲ್ಲ: ಮಿದುಳಿನ ಮೇಲೂ ಅದರ ಪ್ರಭಾವವಿದ್ದು, ಖಿನ್ನತೆ, ಚಿತ್ತವಿಭ್ರಮೆ, ಸೆಳವುಗಳು ಕಾಣಿಸಿಕೊಳ್ಳಬಹುದು. ಆದುದರಿಂದ ವೈದ್ಯರು ಇದನ್ನು ಸಾಮಾನ್ಯ ಕ್ಷಯಕ್ಕೆ ಕೊಡದೆ, ಪ್ರಧಾನ ಔಷಧಗಳಿಗೆ ಮಣಿಯದ ಕ್ಷಯರೋಗಕ್ಕೆ, ಇತರ ಔಷಧಗಳೊಡನೆ, ರೋಗಿಯ ಮನಃಸ್ಥಿತಿಯನ್ನು ಗಮನಿಸುತ್ತ ಕೊಡುತ್ತಾರೆ.