ಪಾತ್ರ ಪಾಳಯ ಬದಲಿಸಿದಾಗ ಓದುಗ ನಂಬಬೇಕಾದರೆ

ಅಲ್ಲಿಯವರೆಗೆ ಕತ್ತಿ ಮಸೆಯುತ್ತಿದ್ದವನು ಕೊನೆಯ ಅಧ್ಯಾಯದಲ್ಲಿ ಏಕಾಏಕಿ ನಾಯಕನ ಪಕ್ಷ ಸೇರುತ್ತಾನೆ. ಕಥೆಗಾರನಿಗೆ ಅನುಕೂಲವಾಗುತ್ತದೆ, ಓದುಗನಿಗೆ ಮೋಸವಾಗುತ್ತದೆ. ಕಾದಂಬರಿ ಬರೆಯಲು ಹೊರಟವರು ಈ ವಿಷಯದಲ್ಲಿ ವಾಲ್ಮೀಕಿಯ ವಿಭೀಷಣನನ್ನು ಗುರು ಮಾಡಿಕೊಳ್ಳಬೇಕು.

1. ಸುಳಿವು ಮೊದಲೇ ಇರಲಿ. ಹನುಮಂತನನ್ನು ಕೊಲ್ಲಿ ಎಂದು ರಾವಣ ಅಪ್ಪಣೆ ಕೊಟ್ಟಾಗ, ದೂತನನ್ನು ಕೊಲ್ಲುವುದು ಸಲ್ಲದು ಎಂದು ತುಂಬಿದ ಸಭೆಯಲ್ಲಿ ತಡೆದವನು ವಿಭೀಷಣ. ಆಗ ಅವನಿನ್ನೂ ಅಣ್ಣನ ಕಡೆಯವನೇ. ಮುಂದೆ ಅವನು ಬಿಟ್ಟುಹೋಗುವುದು ಯಾವ ಸ್ವಭಾವದಿಂದಲೋ ಅದು ಇಲ್ಲೇ ಕಂಡಿತು.

2. ಒಳಗಿದ್ದೇ ತಿದ್ದಲು ನೋಡಲಿ. ಸೀತೆಯನ್ನು ಒಪ್ಪಿಸಿಬಿಡು ಎಂದು ಮತ್ತೆ ಮತ್ತೆ ಹೇಳಿ, ಎಲ್ಲರೆದುರು ಬೈಸಿಕೊಂಡ ಮೇಲೆಯೇ ಅವನು ಹೊರಟದ್ದು.

3. ಸ್ವಾರ್ಥವನ್ನು ಮುಚ್ಚಿಡಬೇಡಿ. ವಿಭೀಷಣನನ್ನು ಸೇರಿಸಿಕೊಳ್ಳೋಣ ಎನ್ನುವ ಹನುಮಂತನೇ, ಇವನಿಗೆ ರಾಜ್ಯದ ಆಸೆಯೂ ಇದೆ, ವಾಲಿ ಸತ್ತು ಸುಗ್ರೀವನಿಗೆ ಪಟ್ಟವಾದದ್ದನ್ನು ಕೇಳಿ ಬಂದಿದ್ದಾನೆ ಎಂದೂ ಹೇಳುತ್ತಾನೆ. ರಾಮನೂ ಯುದ್ಧಕ್ಕೆ ಮೊದಲೇ ಸಮುದ್ರದ ನೀರು ತರಿಸಿ ಅವನಿಗೆ ಲಂಕೆಯ ಅಭಿಷೇಕ ಮಾಡಿಸುತ್ತಾನೆ. ಧರ್ಮವೂ ಆಸೆಯೂ ಒಂದೇ ಎದೆಯಲ್ಲಿವೆ. ಬರೀ ಆದರ್ಶಕ್ಕಾಗಿ ಪಕ್ಷ ಬಿಟ್ಟವನಿಗಿಂತ ಇಂಥವನನ್ನು ನಾನು ಬೇಗ ನಂಬುತ್ತೇನೆ.

4. ಹೊಸ ಪಾಳಯ ಅನುಮಾನಿಸಲಿ. ಇವನು ರಾವಣನ ಗೂಢಚಾರ, ಕೊಂದುಬಿಡೋಣ ಎನ್ನುತ್ತಾನೆ ಸುಗ್ರೀವ. ಓದುಗನ ಮನಸ್ಸಿನ ಶಂಕೆಯನ್ನು ಹೀಗೆ ಪಾತ್ರವೊಂದರ ಬಾಯಲ್ಲೇ ಆಡಿಸಿ. ಬಂದವನನ್ನು ತಬ್ಬಿಕೊಂಡು ಬರಮಾಡಿಕೊಂಡರೆ ಆ ಶಂಕೆ ಓದುಗನಲ್ಲೇ ಉಳಿದುಹೋಗುತ್ತದೆ.

5. ಹಳೆಯ ನಂಟು ನೋಯಲಿ. ಬಹಳಷ್ಟು ಬರಹಗಾರರು ಬಿಟ್ಟುಬಿಡುವ ಭಾಗ ಇದೇ. ನಿಕುಂಭಿಲೆಯಲ್ಲಿ ರಾವಣನ ಮಗ ಇಂದ್ರಜಿತು ಲಕ್ಷ್ಮಣನ ಜೊತೆ ನಿಂತ ಚಿಕ್ಕಪ್ಪನನ್ನು ಕಾಣುತ್ತಾನೆ. ಇಲ್ಲೇ ಹುಟ್ಟಿ ಬೆಳೆದವನು, ನನ್ನ ತಂದೆಯ ತಮ್ಮ, ಮಗನಿಗೇ ದ್ರೋಹ ಮಾಡುತ್ತೀಯಾ ಎಂದು ಹಂಗಿಸುತ್ತಾನೆ. ವಿಭೀಷಣ ಉತ್ತರ ಕೊಡುತ್ತಾನೆ, ವಾದದಲ್ಲಿ ಸೋಲುವುದಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ವಾನರರ ಮುಂದೆ ಒಪ್ಪಿಕೊಳ್ಳುತ್ತಾನೆ: ಇವನನ್ನು ಕೊಲ್ಲಹೊರಟರೆ ಕಣ್ಣೀರು ನನ್ನ ಕಣ್ಣನ್ನೇ ಕಟ್ಟುತ್ತಿದೆ, ಲಕ್ಷ್ಮಣನೇ ಮುಗಿಸಲಿ. ನಿರ್ಧಾರ ಕದಲಿಲ್ಲ, ಕರುಳೂ ಸುಮ್ಮನಿಲ್ಲ. ರಾವಣ ಸತ್ತಾಗಲೂ ಅವನು ಅಳುತ್ತಾನೆ. ನಿಮ್ಮ ಪಾತ್ರ ಬಿಟ್ಟುಬಂದ ಮನೆಯವರನ್ನು ಮತ್ತೆ ಒಮ್ಮೆಯಾದರೂ ಎದುರಿಗೆ ತಂದು ನಿಲ್ಲಿಸಿ, ಅವರ ಬಾಯಿಗೆ ನ್ಯಾಯವಾದ ಮಾತು ಕೊಡಿ.

6. ಅರ್ಧ ಬದಲಾವಣೆಯೂ ಆಗಬಹುದು. ಮಹಾಭಾರತದಲ್ಲಿ ಪಾಂಡವರ ಕಡೆಗೆ ಹೊರಟಿದ್ದು, ದಾರಿಯಲ್ಲಿ ಸಿಕ್ಕ ಉಪಚಾರ ದುರ್ಯೋಧನನದೆಂದು ತಿಳಿಯದೆ ಮಾತು ಕೊಟ್ಟ ಶಲ್ಯ ಕೌರವರ ಪರ ಯುದ್ಧ ಮಾಡಿದ. ಕರ್ಣನ ಸಾರಥಿಯಾಗಿ ಅವನ ಧೈರ್ಯ ಕುಂದಿಸುವುದಾಗಿ ಧರ್ಮರಾಯನಿಗೂ ಮಾತು ಕೊಟ್ಟ.

7. ಮೊದಲು ನಿರಾಕರಣೆ ಬರೆದು ನೋಡಿ. ಕೃಷ್ಣ ಜನ್ಮರಹಸ್ಯ ಹೇಳಿ ರಾಜ್ಯವನ್ನೇ ಮುಂದಿಟ್ಟರೂ ಕರ್ಣ ಕದಲಲಿಲ್ಲ. ಸಾಕಿದ ರಾಧೆ, ಅಧಿರಥ, ದುರ್ಯೋಧನನ ಋಣ, ಎಲ್ಲವನ್ನೂ ಎಣಿಸಿ ಹೇಳಿದ. ಈ ವಿಷಯ ಧರ್ಮರಾಯನಿಗೆ ತಿಳಿಯದಿರಲಿ ಎಂದೂ ಕೇಳಿಕೊಂಡ, ತಿಳಿದರೆ ಅವನು ರಾಜ್ಯವನ್ನೇ ಒಲ್ಲೆನೆಂದಾನು ಎಂದು. ನಿಮ್ಮ ಪಾತ್ರಕ್ಕೂ ಇಂಥದೊಂದು ದೃಶ್ಯ ಬರೆಯಿರಿ, ಉಳಿಯಲು ಅದಕ್ಕಿರುವ ಕಾರಣಗಳನ್ನೆಲ್ಲ ಪೂರ್ಣ ಬಲದಿಂದ ಹೇಳಿಸಿ. ಆಮೇಲೆ ಆ ಕಾರಣಗಳಲ್ಲಿ ಯಾವುದು ಮುರಿದರೆ ಅದು ಹೊರಡುತ್ತದೆ ಎಂದು ಹುಡುಕಿ, ಕಥೆಯಲ್ಲಿ ಅದನ್ನೇ ಮುರಿಯಿರಿ.