ಅವಸರದ ಹಾದಿಯಲ್ಲಿ ಕಂಡೂ ಕಾಣದವರು



ಕಚೇರಿಗೆ ತಡವಾಯಿತೆಂಬ ಒಂದೇ ಚಿಂತೆಯಲ್ಲಿ, ಮೆಜೆಸ್ಟಿಕ್ ನಿಲ್ದಾಣದ ಮೆಟ್ಟಿಲ ಮೇಲೆ ಎದೆಯನ್ನೊತ್ತಿಕೊಂಡು ಕುಳಿತಿದ್ದ ವೃದ್ಧರನ್ನು ದಾಟಿ ನಡೆದುಬಿಟ್ಟುದಕ್ಕಾಗಿ ‘ನನ್ನ ಹೃದಯ ಕಲ್ಲಾಯಿತೆ?’ ಎಂದು ತಾವು ಕೇಳಿರುವ ಪ್ರಶ್ನೆಯನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆನು. ಕಲ್ಲಾದ ಹೃದಯವು ಇಂತಹ ಪತ್ರವನ್ನು ಬರೆಯಲಾರದು.

ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅವಸರದ ಪರಿಣಾಮವನ್ನು ಕುರಿತು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಧರ್ಮೋಪದೇಶಕರಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಉಪನ್ಯಾಸಕ್ಕೆಂದು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿ, ನಡುದಾರಿಯಲ್ಲಿ ನರಳುತ್ತ ಕುಸಿದಿದ್ದ ಮನುಷ್ಯನೊಬ್ಬನನ್ನು ಇರಿಸಿದ್ದರು. ಸಾವಕಾಶವಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಾದರೆ, ತಡವಾಯಿತೆಂದು ಅಟ್ಟಲ್ಪಟ್ಟವರಲ್ಲಿ ನೂರಕ್ಕೆ 10 ಮಂದಿ ಮಾತ್ರ ನೆರವಾದರು. ಅವರಲ್ಲಿ ಹಲವರು ಮಾತನಾಡಬೇಕಾಗಿದ್ದ ವಿಷಯವು, ದಾರಿಬದಿಯ ಗಾಯಾಳುವನ್ನು ಕಾಪಾಡಿದ, ಬೈಬಲಿನ ಸಮಾರ್ಯದವನ ಕಥೆಯೇ ಆಗಿತ್ತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಳವಳಗೊಳ್ಳುತ್ತದೆ.

ಆದುದರಿಂದ ಸ್ವಭಾವವನ್ನು ಶಪಿಸುವುದನ್ನು ಬಿಟ್ಟು ವೇಳೆಯನ್ನು ತಿದ್ದಿಕೊಳ್ಳಿರಿ: ಒಂದು ಬಸ್ಸು ಮುಂಚೆ ಹೊರಡಿರಿ, ನಡೆಯುವಾಗ ಮೊಬೈಲು ಚೀಲದೊಳಗಿರಲಿ. ಯಾರಾದರೂ ಕುಸಿದುದನ್ನು ಕಂಡರೆ ಬಳಿಗೆ ಹೋಗಿ ‘ಏನಾಯಿತು?’ ಎಂದು ಕೇಳಿರಿ, 108ಕ್ಕೆ ಕರೆಮಾಡಿರಿ. ಪೊಲೀಸರ ಭಯವನ್ನೂ ಬರೆದಿರುವಿರಿ; ರಸ್ತೆ ಅಪಘಾತದ ಗಾಯಾಳುಗಳಿಗೆ ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ರಕ್ಷಣೆ ಕೊಟ್ಟಿದೆ.

ನಾಳೆ ಅದೇ ಮೆಟ್ಟಿಲುಗಳ ಬಳಿ ಸ್ವಲ್ಪ ಹೊತ್ತು ನಿಲ್ಲಿರಿ. ಆ ವೃದ್ಧರು ದಿನವೂ ಬರುವವರಾಗಿದ್ದರೆ, ಅಲ್ಲಿ ಹೂ ಮಾರುವವರಿಗೆ ಅವರ ಗುರುತಿರಬಹುದು.